ಮಾರಾಟಕ್ಕಿಲ್ಲದ ಬಂಡಿಯೇ ಮಾರಾಟವಾದಾಗ

ಆಟಿಕೆ ರೈಲುಗಳ ಸಂಗ್ರಾಹಕರು ಗೌರವದಿಂದ ನೆನೆಯುವ ಹೆಸರು ಜೋಶುವಾ ಲಯನೆಲ್ ಕೊವೆನ್. 1877ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದ ಅವರು 1900ರಲ್ಲಿ ಪಾಲುದಾರರೊಬ್ಬರ ಜತೆಗೂಡಿ ಲಯನೆಲ್ ಕಂಪನಿಯನ್ನು ಸ್ಥಾಪಿಸಿದರು. ಅಂಗಡಿಯ ಗಾಜಿನ ಕಿಟಕಿಯತ್ತ ಗಿರಾಕಿಗಳನ್ನು ಸೆಳೆಯಲೆಂದು ಅವರು ರೂಪಿಸಿದ್ದು ವಿದ್ಯುತ್ತಿನಿಂದ ಓಡುವ, ಮೇಲ್ಭಾಗ ತೆರೆದ ಮರದ ವ್ಯಾಗನ್. ಅದರೊಳಗಿನ ಸರಕಿಗಿಂತ ಬಂಡಿಯನ್ನೇ ಜನ ಬಯಸಿದರು. ಜಾಹೀರಾತಿನ ಸಾಧನ ಆಟಿಕೆಯಾಯಿತು.

1906ರಲ್ಲಿ ಮೂರು ಕಂಬಿಗಳ ಹಳಿ ಬಂದಿತು. ಮಹಾ ಆರ್ಥಿಕ ಕುಸಿತದಲ್ಲಿ ಕಂಪನಿ ತತ್ತರಿಸಿದಾಗ, 1934ರಲ್ಲಿ ಒಂದು ಡಾಲರ್ ಬೆಲೆಯ ಮಿಕ್ಕಿ ಮೌಸ್ ಕೈಬಂಡಿ ಆಸರೆಯಾಯಿತು. 1959ರಲ್ಲಿ ಷೇರುಗಳನ್ನು ಮಾರಿ ನಿರ್ಗಮಿಸಿದ ಕೊವೆನ್, 1965ರಲ್ಲಿ ನಿಧನರಾದರು.

ಬೇರೆಯವರ ಸರಕು ಮಾರಲೆಂದು ಹುಟ್ಟಿದ ಆ ಮರದ ವ್ಯಾಗನ್ ಇಂದು ಅತ್ಯಪರೂಪ. ಸಂಗ್ರಾಹಕರು ಅರಸುವುದೂ ಅದನ್ನೇ.