ಎಲಿ ವಿಟ್ನಿ

ಕೋವಿಯ ಕುದುರೆಯೊಂದು ಮುರಿದರೆ, ಕಸುಬುದಾರನು ಹೊಸದನ್ನು ಮಾಡಿಕೊಡುವವರೆಗೆ ಇಡೀ ಕೋವಿಯೇ ನಿರುಪಯುಕ್ತವಾಗುತ್ತಿದ್ದ ಕಾಲವೊಂದಿತ್ತು. ಹದಿನೆಂಟನೆಯ ಶತಮಾನದಲ್ಲಿ ಪ್ರತಿಯೊಂದು ಕೋವಿಯ ಭಾಗಗಳನ್ನೂ ಅರದಿಂದ ಉಜ್ಜಿ ಉಜ್ಜಿ ಹೊಂದಿಸುತ್ತಿದ್ದರು. ಆದುದರಿಂದ ಒಂದರ ಭಾಗ ಮತ್ತೊಂದಕ್ಕೆ ಕೂಡುತ್ತಿರಲಿಲ್ಲ. ಈ ಕೊರತೆಯನ್ನು ನೀಗಿದವನೆಂದು ಬಹುಕಾಲ ಕೀರ್ತಿ ಪಡೆದವನು ಅಮೆರಿಕದ ಎಲಿ ವಿಟ್ನಿ.

ವಿಟ್ನಿಯು 1765ರ ಡಿಸೆಂಬರ್ 8ರಂದು ಮ್ಯಾಸಚೂಸೆಟ್ಸ್ ಪ್ರಾಂತದ ವೆಸ್ಟ್‌ಬರೊದಲ್ಲಿ ರೈತನ ಮಗನಾಗಿ ಜನಿಸಿದನು. ಸ್ವಾತಂತ್ರ್ಯ ಸಂಗ್ರಾಮದ ದಿನಗಳಲ್ಲಿ ಈ ಬಾಲಕನು ತಂದೆಯ ಕಾರ್ಯಾಗಾರದಲ್ಲಿ ಮೊಳೆಗಳನ್ನು ತಯಾರಿಸಿ ಮಾರಿದನು. 1792ರಲ್ಲಿ ಯೇಲ್ ಕಾಲೇಜಿನ ಪದವಿ ಪಡೆದು ದಕ್ಷಿಣದ ಜಾರ್ಜಿಯಾಕ್ಕೆ ತೆರಳಿದ ಆತನು, ಮರುವರ್ಷ ಹತ್ತಿಯಿಂದ ಬೀಜವನ್ನು ಬೇರ್ಪಡಿಸುವ ಯಂತ್ರವನ್ನು ರಚಿಸಿದನು. ಕಂಡವರೆಲ್ಲ ಅದನ್ನು ನಕಲು ಮಾಡಿದರು. ಆತನಿಗೆ ಉಳಿದದ್ದು ನ್ಯಾಯಾಲಯದ ಅಲೆದಾಟ. ಆ ಯಂತ್ರದಿಂದ ಹತ್ತಿಯ ಬೇಸಾಯ ಹಬ್ಬಿತು. ಅದರೊಡನೆ ಗುಲಾಮಗಿರಿಯೂ ಬೇರೂರಿತೆಂಬುದನ್ನು ಹೇಳದೆ ಬಿಡುವಂತಿಲ್ಲ.

1798ರಲ್ಲಿ ಫ್ರಾನ್ಸಿನೊಡನೆ ಯುದ್ಧವಾಗುವ ಭೀತಿಯಿತ್ತು. ಅದುವರೆಗೆ ಒಂದು ಕೋವಿಯನ್ನೂ ಮಾಡಿರದಿದ್ದ ವಿಟ್ನಿಯು, ಎರಡು ವರ್ಷಗಳಲ್ಲಿ 10,000 ಕೋವಿಗಳನ್ನು ಒದಗಿಸುವೆನೆಂದು ಸರ್ಕಾರದೊಡನೆ ಕರಾರು ಮಾಡಿಕೊಂಡನು. ಒಂದಕ್ಕೆ 13 ಡಾಲರ್ 40 ಸೆಂಟ್ ಬೆಲೆ. ಎಲ್ಲ ಭಾಗಗಳನ್ನೂ ಒಂದೇ ಅಳತೆಯಲ್ಲಿ ಯಂತ್ರಗಳಿಂದ ತಯಾರಿಸುವುದು ಆತನ ಸಂಕಲ್ಪ. ಈ ಕಲ್ಪನೆ ಆತನದೇ ಅಲ್ಲ. ಫ್ರಾನ್ಸಿನ ಒನೊರೆ ಬ್ಲಾಂಕ್ ಇದನ್ನು ಮೊದಲೇ ಪ್ರಯತ್ನಿಸಿದ್ದನು. ನ್ಯೂ ಹೇವನ್ ಸಮೀಪದ ಮಿಲ್ ನದಿಯ ಜಲಶಕ್ತಿಯನ್ನು ಬಳಸಿ ಕಾರ್ಖಾನೆ ಎದ್ದಿತು. ಆದರೆ ಗಡುವು ಮುಗಿದರೂ ಕೋವಿಗಳು ಬರಲಿಲ್ಲ. 1801ರ ಜನವರಿಯಲ್ಲಿ ವಿಟ್ನಿಯು ವಾಷಿಂಗ್ಟನ್ನಿಗೆ ಹೋಗಿ, ಅಧ್ಯಕ್ಷ ಜಾನ್ ಆಡಮ್ಸ್ ಹಾಗೂ ಮುಂದೆ ಅಧ್ಯಕ್ಷನಾದ ಥಾಮಸ್ ಜೆಫರ್ಸನ್‌ರ ಸಮ್ಮುಖದಲ್ಲಿ, ಕಿಡಿ ಹಾರಿಸುವ ಹಲವು ಬಿಡಿ ಯಂತ್ರಗಳನ್ನು ಒಂದೇ ಕೋವಿಗೆ ಜೋಡಿಸಿ ತೋರಿಸಿದನು. ನೆರೆದವರು ಬೆರಗಾದರು. ಕಾಲಾವಕಾಶವೂ ಮುಂಗಡ ಹಣವೂ ದೊರೆತವು. ಕೊನೆಯ ಕೋವಿ ಸರ್ಕಾರದ ಕೈಸೇರಿದ್ದು 1809ರಲ್ಲಿ!

ಇಪ್ಪತ್ತನೆಯ ಶತಮಾನದ ಸಂಶೋಧಕರು ಪತ್ರಗಳನ್ನಷ್ಟೇ ಓದಿ ತೃಪ್ತರಾಗಲಿಲ್ಲ; ಉಳಿದುಬಂದಿದ್ದ ವಿಟ್ನಿಯ ಕೋವಿಗಳನ್ನೇ ಬಿಚ್ಚಿ ನೋಡಿದರು. ಒಂದರ ಭಾಗಗಳು ಇನ್ನೊಂದಕ್ಕೆ ಸರಿಯಾಗಿ ಕೂಡಲಿಲ್ಲ. ಇಂಥ ಭಾಗ ಇಂಥ ಕೋವಿಯದೆಂದು ತಿಳಿಯಲು ಹಾಕಿದ ಗುರುತುಗಳೂ ಕಂಡುಬಂದವು. ವಾಷಿಂಗ್ಟನ್ನಿನಲ್ಲಿ ತೋರಿಸಿದವು ಮೊದಲೇ ಕೈಯಿಂದ ಹೊಂದಿಸಿದ ಭಾಗಗಳಾಗಿದ್ದಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ಹಾಗೆಂದು ಆತನನ್ನು ವಂಚಕನೆನ್ನುವುದು ನ್ಯಾಯವಲ್ಲ. ಕೆಲಸವನ್ನು ಹಂತಹಂತವಾಗಿ ಹಂಚಿ, ನುರಿತ ಕಸುಬುದಾರರಲ್ಲದವರಿಂದಲೂ ಕೋವಿ ಮಾಡಿಸಲು ಆತನು ಪಟ್ಟ ಶ್ರಮ ಸಣ್ಣದಲ್ಲ.

ವಿಟ್ನಿಯ ಸಂಕಲ್ಪವನ್ನು ಕೈಗೂಡಿಸಿದವರಲ್ಲಿ ಮೊದಲಿಗನು ಜಾನ್ ಹಾಲ್. ಹಾರ್ಪರ್ಸ್ ಫೆರಿಯ ಶಸ್ತ್ರಾಗಾರದಲ್ಲಿ ಆತನು ಮಾಡಿದ ನೂರು ಕೋವಿಗಳನ್ನು ಪರೀಕ್ಷಕರು 1826ರಲ್ಲಿ ಬಿಚ್ಚಿ, ಭಾಗಗಳನ್ನು ಕಲಸಿ, ಮತ್ತೆ ಜೋಡಿಸಿದರು. ಎಲ್ಲವೂ ಕೂಡಿದವು. ಇದನ್ನು ಕೇಳಲು ವಿಟ್ನಿಯು ಬದುಕಿರಲಿಲ್ಲ. ಆತನು 1825ರ ಜನವರಿ 8ರಂದು ನ್ಯೂ ಹೇವನ್ನಿನಲ್ಲಿ ತೀರಿಕೊಂಡಿದ್ದನು.