ದಿವಂಗತ ಸಿ. ಅಶ್ವತ್ಥರು

ನಗರವಾಸಿಯಾದ ಸಂಗೀತಗಾರನು ಹಳ್ಳಿಯ ಹಾಡನ್ನು ಮುಟ್ಟಿದರೆ ಅದು ಕೆಡುವುದೆಂಬ ಭಾವನೆಯು ನಮ್ಮ ವಿದ್ಯಾವಂತರಲ್ಲಿ ಬಹುಕಾಲದಿಂದ ಬೇರೂರಿದೆ. ಬಸವನಗುಡಿಗೆ ನೆರೆಯಾದ ನರಸಿಂಹರಾಜ ಕಾಲೊನಿಯಲ್ಲಿ ಬಾಳಿದ ಸಿ. ಅಶ್ವತ್ಥರ ಜೀವಿತವನ್ನು ಬಲ್ಲವರು ಈ ಭಾವನೆಯನ್ನು ಮತ್ತೊಮ್ಮೆ ಪರಾಮರ್ಶಿಸಬೇಕಾಗುವುದು.

ಅಶ್ವತ್ಥರು ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ 1939ನೆಯ ಇಸವಿ ಡಿಸೆಂಬರ್ 29ರಂದು ಜನಿಸಿದರು. ದೇವಗಿರಿ ಶಂಕರ ಜೋಶಿಯವರಲ್ಲಿ ಹಿಂದೂಸ್ತಾನಿ ಸಂಗೀತವನ್ನು ಅಭ್ಯಾಸಮಾಡಿದರು. ಉದರಪೋಷಣೆಗೆ ಇಂಡಿಯನ್ ಟೆಲಿಫೋನ್ ಕಾರ್ಖಾನೆಯಲ್ಲಿ 27 ವರ್ಷಗಳ ಉದ್ಯೋಗ. ಸಂಜೆಯ ಹೊತ್ತು ನಾಟಕರಂಗಕ್ಕೂ ಹಾಡಿಗೂ ಮೀಸಲು.

1977ರಲ್ಲಿ ಸಿ. ಆರ್. ಸಿಂಹರು ಮಾಸ್ತಿಯವರ 'ಕಾಕನಕೋಟೆ' ನಾಟಕವನ್ನು ಚಲಚ್ಚಿತ್ರವಾಗಿಸಿದಾಗ ಸಂಗೀತದ ಹೊಣೆಯು ಅಶ್ವತ್ಥರ ಪಾಲಿಗೆ ಬಂದಿತು. ಕಥೆಯು ಕಾಡುಕುರುಬರದು, ಪದಗಳು ಗವಿಪುರದಲ್ಲಿ ನೆಲಸಿದ್ದ ವಯೋವೃದ್ಧ ಸಾಹಿತಿಯವು. ಆಲಾಪನೆಯ ಆಡಂಬರವನ್ನು ಬದಿಗಿರಿಸಿ, ಕೂಡಿ ಕುಣಿಯುವವರ ಹೆಜ್ಜೆಗೂ ಉಸಿರಿಗೂ ಒಪ್ಪುವ ಧಾಟಿಯನ್ನು ಅವರು ಕಟ್ಟಿದರು. ಪದವು ಸ್ಪಷ್ಟವಾಗಿ ಕಿವಿಗೆ ಬೀಳಬೇಕು, ರಾಗವು ಅದರ ಹಿಂದೆ ನಡೆಯಬೇಕು. ಅವರ ಮುಂದಿನ ಕೃತಿಗಳಿಗೆಲ್ಲ ಇದೇ ಸೂತ್ರವಾಯಿತು.

1990ರಲ್ಲಿ ತೆರೆಗೆ ಬಂದ ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರದ ವಿಷಯದಲ್ಲಿ ಮಾತ್ರ ಒಂದು ತಕರಾರಿಗೆ ಎಡೆಯುಂಟು. 1889ರಲ್ಲಿ ತೀರಿಕೊಂಡ ಶರೀಫರ ತತ್ತ್ವಪದಗಳು ಧಾರವಾಡ ಸೀಮೆಯ ಭಜನಾಮೇಳಗಳಲ್ಲಿ ತಾಳ, ಏಕತಾರಿಗಳೊಡನೆ ಊರಿಗೊಂದು ಬಗೆಯಾಗಿ ಬಾಳಿಕೊಂಡಿದ್ದವು. ಅಶ್ವತ್ಥರ ಕಂಚಿನ ಕಂಠವು ನಾಡನ್ನೆಲ್ಲ ತುಂಬಿದ ಮೇಲೆ ಅವರ ಧಾಟಿಯೇ ಮೂಲವೆಂದು ಪೇಟೆಯ ಜನರು ತಿಳಿದರು. ಭಜನಾಮೇಳದವರಿಗೆ ಇದರಿಂದ ನಷ್ಟವಾಗಲಿಲ್ಲವೆಂದು ನಾವು ಹೇಳಲಾರೆವು. ಆದರೆ ಶರೀಫರ ಹೆಸರನ್ನೇ ಕೇಳರಿಯದಿದ್ದ ಎಷ್ಟೋ ಮನೆಗಳಿಗೆ ಆ ಪದಗಳು ಹೊಕ್ಕದ್ದು ಈ ಕಂಠದ ಮೂಲಕವೇ. ತಕ್ಕಡಿಯು ಈ ಕಡೆಗೇ ವಾಲುವುದೆಂದು ನಮ್ಮ ಮತ.

ಜೆ. ಪಿ. ನಗರದಲ್ಲಿ ವಾಸವಾಗಿದ್ದ ಗಿರೀಶ ಕಾರ್ನಾಡರು ಜನಪದ ಕಥೆಗಳಿಂದ ಹೆಣೆದ 'ನಾಗಮಂಡಲ' ನಾಟಕವು 1997ರಲ್ಲಿ ಚಿತ್ರವಾಯಿತು. ಅದರ ಹಾಡುಗಳ ಮಾತು ಉತ್ತರ ಕರ್ನಾಟಕದ್ದು, ರಚನೆ ಈ ಕಾಲದ ಕವಿಯದು, ಸ್ವರ ಅಶ್ವತ್ಥರದು. ಇವು ತಲೆತಲಾಂತರದಿಂದ ಬಂದ ಹಳ್ಳಿಯ ಪದಗಳೆಂದೇ ನಂಬಿರುವವರು ಇಂದಿಗೂ ಉಂಟು. ನಗರದ ಸಂಗೀತಗಾರನಿಗೆ ಇದಕ್ಕಿಂತ ದೊಡ್ಡ ಮನ್ನಣೆ ಯಾವುದು?

2009ನೆಯ ಇಸವಿ ಡಿಸೆಂಬರ್ 29ರಂದು, ಎಪ್ಪತ್ತು ತುಂಬಿದ ದಿನವೇ, ಅಶ್ವತ್ಥರು ಬೆಂಗಳೂರಿನಲ್ಲಿ ಕಾಲವಾದರು. ಅವರ ಮೊದಲ ಚಿತ್ರಕ್ಕೆ ಪದಗಳನ್ನಿತ್ತ ಮಾಸ್ತಿಯವರೂ 1986ರ ಜೂನ್ 6ರಂದು, ತಮ್ಮ ಜನ್ಮದಿನದಂದೇ, ತೀರಿಕೊಂಡಿದ್ದರು.