ಹೆಸರಿನಲ್ಲೇ ನಾಡನ್ನು ಹೊತ್ತ ಅಮೀರಬಾಯಿ

ಕರ್ನಾಟಕವೆಂಬ ಹೆಸರು ನಮ್ಮ ರಾಜ್ಯಕ್ಕೆ ಬಂದದ್ದು 1973ರಲ್ಲಿ. ಅದಕ್ಕೆ ದಶಕಗಳ ಮೊದಲೇ ಮುಂಬಯಿಯ ಚಿತ್ರರಂಗದಲ್ಲಿ ಆ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡು ಬಾಳಿದ ಗಾಯಕಿಯೊಬ್ಬರಿದ್ದರು. ಅವರೇ ಅಮೀರಬಾಯಿ ಕರ್ನಾಟಕಿ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂತೆಯೇ, ಅದುವರೆಗೆ ಬೀದರ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ ತಾಲೂಕುಗಳು ಮುಂಬಯಿ ರಾಜ್ಯದ ಪಾಲಾದವು. ಉಮರ್ಗಾ ಕೂಡ ಅತ್ತಲೇ ಹೋಯಿತು. ಇಂದು ಮಹಾರಾಷ್ಟ್ರದಲ್ಲಿರುವ ಈ ಗಡಿ ತಾಲೂಕುಗಳ ಕನ್ನಡ ಮನೆಗಳಲ್ಲಿ ಅಡುಗೆಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ, ಸಂತೆಯಲ್ಲಿ ದಖನಿಯೂ ಬೇಕು. ಇಂಥ ಮನೆಗಳವರಿಗೆ ಅಮೀರಬಾಯಿಯವರ ಬಾಳು ಯಾರದೋ ಕತೆ ಎನಿಸದು.

ಅವರ ಹುಟ್ಟೂರು ಆಗಿನ ಬಿಜಾಪುರ ಜಿಲ್ಲೆಯ ಬೀಳಗಿ. ನಾಟಕ, ಸಂಗೀತಗಳ ಒಡನಾಟವಿದ್ದ ಮುಸ್ಲಿಂ ಮನೆತನ. ಅಕ್ಕ ಗೋಹರಬಾಯಿಯೂ ಹೆಸರಾಂತ ನಟಿ, ಗಾಯಕಿ. ಚಿಕ್ಕ ವಯಸ್ಸಿನಲ್ಲೇ ಮುಂಬಯಿ ಸೇರಿದ ಅಮೀರಬಾಯಿ 1930ರ ದಶಕದಲ್ಲಿ ಅಕ್ಕನ ನೆರವಿನಿಂದ ಚಿತ್ರಗಳಿಗೆ ಬಂದರು. ಮೊದಮೊದಲು ಹೇಳಿಕೊಳ್ಳುವಂಥ ಯಶಸ್ಸು ದೊರೆಯಲಿಲ್ಲ.

ಆ ಯಶಸ್ಸು ತಂದದ್ದು 1943ರಲ್ಲಿ ತೆರೆಕಂಡ ಬಾಂಬೆ ಟಾಕೀಸಿನ 'ಕಿಸ್ಮತ್'. ಜ್ಞಾನ ಮುಖರ್ಜಿ ನಿರ್ದೇಶನ, ಅನಿಲ ಬಿಸ್ವಾಸರ ಸಂಗೀತ, ಅಶೋಕಕುಮಾರ್ ನಾಯಕ. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಅದು ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಅದರಲ್ಲಿ ಕವಿ ಪ್ರದೀಪರು ಬರೆದ ಒಂದು ಸಮೂಹಗೀತೆಯಿದೆ. ಹಿಂದೂಸ್ಥಾನ ನಮ್ಮದು, ಹೊರಗಿನವರು ದೂರ ಸರಿಯಲಿ ಎಂಬುದು ಅದರ ಭಾವ. ಅದಕ್ಕೆ ದನಿ ಕೊಟ್ಟವರು ಅಮೀರಬಾಯಿ ಮತ್ತು ಖಾನ್ ಮಸ್ತಾನಾ.

ಕಾಲ ಎಂಥದೆಂಬುದನ್ನು ನೆನಪಿಡಬೇಕು. 1942ರ ಆಗಸ್ಟಿನಲ್ಲಿ ಚಲೇಜಾವ್ ಚಳವಳಿ ಹೊತ್ತಿಕೊಂಡಿತ್ತು. ಗಾಂಧೀಜಿ, ನೆಹರೂ ಸೆರೆಯಲ್ಲಿದ್ದರು. ಇಂಥ ಹೊತ್ತಿನಲ್ಲಿ ಈ ಹಾಡು ಸೆನ್ಸಾರಿನ ಕತ್ತರಿಯಿಂದ ಪಾರಾದದ್ದು ಒಂದು ಜಾಣತನದಿಂದ. ಬ್ರಿಟಿಷರು ಆಗ ಯುದ್ಧ ಮಾಡುತ್ತಿದ್ದದ್ದು ಜರ್ಮನಿ, ಜಪಾನುಗಳೊಡನೆ. ಹಾಡು ಹೆಸರೆತ್ತಿ ಎಚ್ಚರಿಸುವುದೂ ಅವರನ್ನೇ. ಕಾಗದದ ಮೇಲೆ ಅದು ಸರಕಾರದ ಪರವಾದ ಯುದ್ಧಗೀತೆ! ಆದರೆ ಕುರ್ಚಿಯಲ್ಲಿ ಕುಳಿತು ಕೇಳಿದ ಜನಕ್ಕೆ ಯಾರು ಸರಿಯಬೇಕೆಂಬುದು ಹೇಳದೆಯೇ ಅರ್ಥವಾಯಿತು. ಕೆಲವೆಡೆ ರೀಲನ್ನು ಹಿಂದಕ್ಕೆ ಸುತ್ತಿಸಿ ಮತ್ತೆ ಮತ್ತೆ ಹಾಕಿಸುತ್ತಿದ್ದರೆಂದು ಹಳಬರು ಹೇಳುತ್ತಾರೆ. ಸರಕಾರಕ್ಕೂ ತಡವಾಗಿ ಇದರ ಮರ್ಮ ತಿಳಿಯಿತು. ಬಂಧನ ತಪ್ಪಿಸಿಕೊಳ್ಳಲು ಪ್ರದೀಪರು ತಲೆಮರೆಸಿಕೊಳ್ಳಬೇಕಾಯಿತು.

ಇಲ್ಲಿ ನನ್ನದೊಂದು ತಕರಾರಿದೆ. ಈ ಪ್ರಸಂಗ ಹೇಳುವವರು ಕವಿಯನ್ನು ನೆನೆಯುತ್ತಾರೆ, ಚಿತ್ರದ ಗಳಿಕೆಯನ್ನು ಲೆಕ್ಕ ಹಾಕುತ್ತಾರೆ, ಹಾಡಿದ ಬೀಳಗಿಯ ಹೆಣ್ಣುಮಗಳನ್ನು ಮಾತ್ರ ಬಿಡುತ್ತಾರೆ. ಬರೆದ ಮಾತು ಕಾಗದದಲ್ಲಿ ಉಳಿದಿದ್ದರೆ ಯಾವ ಸರಕಾರಕ್ಕೆ ಏನು ಭಯವಿತ್ತು? ಅದನ್ನು ಜನರ ಬಾಯಿಗೆ ತಲುಪಿಸಿದ್ದು ದನಿ. ನಿಲಂಗಾ, ಉದಗೀರಗಳ ಮಟ್ಟಿಗಂತೂ ಆ ಹಾಡಿನ ಮಾತು 1947ಕ್ಕೂ ಮುಗಿಯಲಿಲ್ಲ. ನಿಜಾಮರ ಆಳ್ವಿಕೆ ಅಲ್ಲಿ ಕೊನೆಗೊಂಡದ್ದು 1948ರ ಸೆಪ್ಟೆಂಬರಿನಲ್ಲಿ.

'ಕಿಸ್ಮತ್' ನಂತರ ಅಮೀರಬಾಯಿಯವರಿಗೆ ಬಿಡುವಿರಲಿಲ್ಲ. 1944ರ 'ರತನ್', 1947ರ 'ಶಹನಾಯಿ' ಚಿತ್ರದ ಹಾಡುಗಳು ಮನೆಮಾತಾದವು. ಮರಾಠಿ, ಗುಜರಾತಿಗಳಲ್ಲೂ ಹಾಡಿದರು. ಗಾಂಧೀಜಿಯವರಿಗೆ ಪ್ರಿಯವಾಗಿದ್ದ ನರಸಿ ಮೆಹತಾರ ಭಜನೆಯನ್ನೂ ಹಾಡಿದರು. ಕನ್ನಡ ಕೋಗಿಲೆ ಎಂಬ ಬಿರುದು ಬಂತು. 1948ರಲ್ಲಿ 'ಶಹನಾಜ್' ಚಿತ್ರಕ್ಕೆ ತಾವೇ ಸಂಗೀತ ನೀಡಿದರು. ಹೆಂಗಸರು ಆ ಕುರ್ಚಿಯಲ್ಲಿ ಕೂರುವುದು ತೀರ ಅಪರೂಪವಾಗಿದ್ದ ದಿನಗಳವು.

ಮನೆಯ ಬಾಳು ಮಾತ್ರ ಹಾಗಿರಲಿಲ್ಲ. ಖಳನಟ ಹಿಮಾಲಯವಾಲಾನನ್ನು ಮದುವೆಯಾಗಿ ಬಹಳ ಹಿಂಸೆಪಟ್ಟರು. ಬಿಡುಗಡೆ ಪಡೆಯಲು ಹೋರಾಡಬೇಕಾಯಿತು. ದೇಶ ಒಡೆದಾಗ ಆತ ಪಾಕಿಸ್ತಾನಕ್ಕೆ ಹೋದ. ನೂರ್‌ಜಹಾನರಂಥ ದೊಡ್ಡ ಗಾಯಕಿಯೂ ಹೋದರು. ಅಮೀರಬಾಯಿ ಹೋಗಲಿಲ್ಲ. ನಂತರ ಪತ್ರಕರ್ತ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾಗಿ ನೆಮ್ಮದಿ ಕಂಡರು. ಅಕ್ಕನಿಗಾದ ಕಷ್ಟ ಬೇರೆ ಬಗೆಯದು. ಮರಾಠಿ ರಂಗಭೂಮಿಯ ಆರಾಧ್ಯ ನಟ ಬಾಲಗಂಧರ್ವರ ಕೊನೆಗಾಲದ ಸಂಗಾತಿಯಾದ ಗೋಹರಬಾಯಿಯವರನ್ನು ಅಲ್ಲಿನ ಅನೇಕ ಅಭಿಮಾನಿಗಳು ಒಪ್ಪಲೇ ಇಲ್ಲ. ಅವರ ಸಾಲ, ಸೋಲುಗಳಿಗೆಲ್ಲ ಈಕೆಯನ್ನೇ ಹೊಣೆ ಮಾಡಿದರು. ಬೇರೆ ನುಡಿಯ, ಬೇರೆ ಮತದ ಹೆಣ್ಣೆಂದರೆ ಬೈಯುವುದು ಸುಲಭವಲ್ಲವೇ!

1940ರ ದಶಕದ ಕೊನೆಗೆ ಲತಾ ಮಂಗೇಶ್ಕರರ ತೆಳುವಾದ, ಎತ್ತರದ ದನಿ ಬಂತು. ತುಂಬುಕಂಠದವರಿಗೆ ಬೇಡಿಕೆ ಕುಗ್ಗಿತು. ಅಮೀರಬಾಯಿ ಮತ್ತೆ ನಟನೆಗೆ ಮರಳಿ ಸಣ್ಣ ಪುಟ್ಟ ಪಾತ್ರಗಳಲ್ಲಿ ಕಾಣಿಸಿಕೊಂಡರು. ಪಾರ್ಶ್ವವಾಯು ಬಡಿದು 1965ರ ಮಾರ್ಚ್ 3ರಂದು ತೀರಿಕೊಂಡರು. ಬಹು ಕಾಲದ ನಂತರ ರಹಮತ್ ತರೀಕೆರೆಯವರು ಅವರ ಬಾಳನ್ನು ಹುಡುಕಿ ಕನ್ನಡದಲ್ಲಿ ಪುಸ್ತಕ ಬರೆದರು. ಬದುಕೆಲ್ಲ ಮುಂಬಯಿಯಲ್ಲಿ ಕಳೆದರೂ ಅವರನ್ನು ಮಣ್ಣು ಮಾಡಿದ್ದು ತವರಿನಲ್ಲಿ. ಬಿಜಾಪುರದಲ್ಲಿ ಅವರ ಕುಟುಂಬದವರು ನಡೆಸಿದ ಚಿತ್ರಮಂದಿರದ ಹೆಸರು ಅಮೀರ್ ಟಾಕೀಸ್.